ಯಾರನ್ನೂ ಹೊರದ ಪ್ರಾಣಿಗಳು

ನಮ್ಮ ಕಡೆ ಯಾವ ಊರಿಗೆ ಹೋದ್ರೂ ಕಲ್ಲಿನ ಪ್ರಾಣಿ ಒಂದಾದ್ರೂ ಇದ್ದೇ ಇರ್ತದ. ಗುಡಿ ಮುಂದ ಬಸವಣ್ಣ, ಮೆಟ್ಟಿಲ ಬಾಜೂಕ ಆನೆ, ವೀರಗಲ್ಲಿನಾಗ ಕುದುರೆ, ಕಟ್ಟಿ ಮ್ಯಾಲ ಹೆಡೆ ಎತ್ತಿದ ನಾಗಪ್ಪ, ಬೀದರ್ ಕೋಟೆ ಶರ್ಜಾ ದರ್ವಾಜಾದ ಮ್ಯಾಲ ಎರಡು ಹುಲಿ. ಆದ್ರ ಸ್ವಲ್ಪ ನಿಂತು ನೋಡ್ರಿ, ಇವಕ್ಕೆಲ್ಲಾ ಒಂದೊಂದು ಡ್ಯೂಟಿ ಅದ. ಬಸವಣ್ಣ ಶಿವನ ಮುಂದ ಕುಂತು ಕಾಯ್ತಾನ, ಹುಲಿ ಬಾಗ್ಲ ಕಾಯ್ತದ, ಕುದುರೆ ವೀರನ್ನ ಹೊರ್ತದ, ಆನೆ ಒಮ್ಮೆ ರಾಜನ್ನ ಹೊರ್ತದ ಒಮ್ಮೆ ಕಂಬದ ಭಾರ ಹೊರ್ತದ. ಯಾರ ಕೆಲಸಕ್ಕೂ ನಿಲ್ಲದ, ಯಾರನ್ನೂ ಹೊರದ, ಬರೇ ತಾನು ತಾನಾಗಿ ನಿಂತ ಪ್ರಾಣಿ ಸಿಗೂದು ಭಾಳ ಕಮ್ಮಿ.

ಕಳೆದ ಇನ್ನೂರು ವರ್ಷದ ಶಿಲ್ಪಕಲೆ ಒಳಗ ನನಗ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ್ದು ಇದೇ ವಿಷಯ, ಪ್ರಾಣಿ ಬೆನ್ನ ಮ್ಯಾಲಿಂದ ಸವಾರ ಕೆಳಗ ಇಳದ. ಮಾಡರ್ನ್ ಆರ್ಟ್ ಅಂದ ಕೂಡ್ಲೇ ಜನ ತಿಳಿಲಾರದ ಗೆರಿ, ಡೊಂಕ ಮುಖ ಅಂತ ನೆನಸ್ತಾರ, ಆದ್ರ ಅದರೊಳಗ ಪ್ರಾಣಿಗೋಳಿಗೆ ಸಿಕ್ಕ ಮರ್ಯಾದಿ ಬಗ್ಗೆ ನಮ್ಮ ಭಾಷೆಯಾಗ ಯಾರೂ ಅಷ್ಟಾಗಿ ಬರಿಯಂಗಿಲ್ಲ. ಎತ್ತು, ಎಮ್ಮಿ, ಆಡು, ಕುರಿ ನಡುವ ಬೆಳೆದ ನಾವು ಅದನ್ನ ಓದೂದಕ್ಕ ಬ್ಯಾರೆ ಯಾರಿಗಿಂತ ಹೆಚ್ಚು ತಯಾರಿದ್ದೀವಿ ಅಂತ ನನಗ ಅನಸ್ತದ, ಅದಕ್ಕ ಇಷ್ಟು ಉದ್ದ ಬರಿಲಾಕತ್ತೀನಿ.

ಚಿತ್ತಾಪುರ ತಾಲೂಕಿನ ಸನ್ನತಿ ಹತ್ರ, ಭೀಮಾ ನದಿ ದಂಡಿಗೆ ಕನಗನಹಳ್ಳಿ ಸ್ತೂಪ ಅದ. 1990ರ ದಶಕದಾಗ ಪುರಾತತ್ವ ಇಲಾಖೆಯವರು ಅಗೆದಾಗ ಅಶೋಕನ ಹೆಸರು ಕೆತ್ತಿದ ಅಂವನ ಶಿಲ್ಪನೇ ಸಿಕ್ತು, ಅದು ಎಲ್ರಿಗೂ ಗೊತ್ತು. ಆದ್ರ ಅಲ್ಲಿ ಕೆತ್ತಿದ ಕಲ್ಲನ್ನ ಒಮ್ಮೆ ಗಮನ ಇಟ್ಟು ನೋಡ್ರಿ. ನಮ್ಮ ಮನ್ಯಾಗ ನೆಲಕ್ಕ ಹಾಸೋ ಶಹಾಬಾದ್ ಪರಸಿ ಅದ ಅಲ್ಲಾ, ಅದೇ ಜಾತಿ ಸುಣ್ಣದಕಲ್ಲು, ಪದರ ಪದರಾಗಿ ಏಳ್ತದ. ಹಲಗಿ ಆಗಿ ಬರೋ ಕಲ್ಲಿನಾಗ ದುಂಡಗ ಆನೆ ಮಾಡ್ಲಾಕ ಆಗಂಗಿಲ್ಲ, ಅದಕ್ಕ ಆ ಶಿಲ್ಪಿಗಳು ಹಲಗಿ ಮ್ಯಾಲ ಆಳ ಇಲ್ಲದಂಗ ಕತಿ ಬಿಡಿಸಿಕೊಂಡು ಹೋಗ್ಯಾರ. ಆನೆ, ಕುದುರೆ, ಹಾವು ಎಲ್ಲಾ ಬರ್ತಾವ, ಎಲ್ಲಾ ಬುದ್ಧನ ಕತಿ ಸಲುವಾಗಿ ಬರ್ತಾವ. ಸಾಂಚಿ ಪೂರ್ವ ತೋರಣದ ಮ್ಯಾಲ ಒಂದು ಕುದುರೆ ಅದ, ಬೆನ್ನು ಖಾಲಿ, ಮ್ಯಾಲ ಛತ್ರಿ ಹಿಡದಾರ. ಸಿದ್ಧಾರ್ಥ ಮನಿ ಬಿಟ್ಟು ಹೊಂಟಾನ ಅಂತ ಅದರ ಅರ್ಥ, ಅಂವನ್ನ ತೋರಸಬಾರದು ಅಂತ ಖಾಲಿ ಬಿಟ್ಟಾರ. ಅಂದ್ರ ಅಲ್ಲಿ ಖಾಲಿ ಬೆನ್ನಿನ ಮ್ಯಾಲನೂ ಒಬ್ಬಾಂವ ಕುಂತೇ ಕುಂತಾನ.

ಇದಕ್ಕೂ ಭಾಳ ಹಿಂದ ಹಂಗ ಇರ್ಲಿಲ್ಲ. ಯಾದಗಿರಿ ಜಿಲ್ಲೆ ಸುರಪುರ ತಾಲೂಕಿನ ಬೂದಿಹಾಳದಾಗ ನವಶಿಲಾಯುಗದ ಬೂದಿ ದಿಬ್ಬ ಅದ, ಕೆ. ಪದ್ದಯ್ಯ ಅವರು ಅಲ್ಲಿ ವರ್ಷಾನುಗಟ್ಟಲೆ ಉತ್ಖನನ ಮಾಡಿದ್ರು. ನಾಕು ಸಾವಿರ ವರ್ಷಕ್ಕಿಂತ ಹಿಂದ ಅಲ್ಲಿ ದನ ಕಟ್ತಿದ್ರು, ಸೆಗಣಿ ಗುಡ್ಡಿ ಹಾಕಿ ಸುಡ್ತಿದ್ರು, ಸುಟ್ಟು ಸುಟ್ಟು ಬೂದಿನೇ ದಿಬ್ಬ ಆತು. ಅಂಥದೇ ಜನ ಬಳ್ಳಾರಿ ಹತ್ರ ಕುಪ್ಪಗಲ್ಲು ಗುಡ್ಡದ ಕರಿಕಲ್ಲಿನ ಮ್ಯಾಲ ಕಲ್ಲಿಂದ ಕುಟ್ಟಿ ಕುಟ್ಟಿ ಚಿತ್ರ ಮಾಡ್ಯಾರ, ಹೆಚ್ಚಿನವು ದನದ ಚಿತ್ರನೇ. ಉದ್ದನ ಕೋಡು, ಎತ್ತರದ ಹಿಣಿಲು, ಬೆನ್ನ ಮ್ಯಾಲ ದೇವರಿಲ್ಲ, ಹೆಗಲ ಮ್ಯಾಲ ನೊಗ ಇಲ್ಲ. ಹಂಗಾಗಿ ಪ್ರಾಣಿನ ಪ್ರಾಣಿಯಾಗೇ ನೋಡೂದು ಯುರೋಪಿನಿಂದ ಬಂದ ಬುದ್ಧಿ ಅಂತ ಯಾರರೆ ಅಂದ್ರ ನಾ ಒಪ್ಪಂಗಿಲ್ಲ. ನಡುವ ಮರ್ತಿದ್ವಿ, ಅಷ್ಟೇ.

ಯುರೋಪಿನಾಗ ಅದು ತಿರುಗಿ ಬಂದಿದ್ದು ಪ್ಯಾರಿಸ್‌ನ ಒಂದು ಝೂ ಒಳಗಿಂದ. ಅಂತ್ವಾನ್ ಲೂಯಿ ಬಾರಿ ಅಂತ ಒಬ್ಬ ಶಿಲ್ಪಿ, 1795ರಾಗ ಹುಟ್ಟಿದಾಂವ, ಅಕ್ಕಸಾಲಿ ಕೆಲಸ ಕಲ್ತಾಂವ. ಜಾರ್ದಾಂ ದೆ ಪ್ಲಾಂತ್ ಅನ್ನೋ ತೋಟದಾಗ ಪ್ರಾಣಿಗೋಳನ್ನ ಇಟ್ಟಿದ್ರು, ಇಂವ ಅಲ್ಲಿ ಹೋಗಿ ಪಂಜರದ ಮುಂದ ಕುಂತು ಗೀಚ್ತಿದ್ದ. ಸಿಂಹ ಸತ್ರ ಚಿತ್ರಕಾರ ದೆಲಾಕ್ರುವಾನ ಜೋಡಿ ಓಡಿ ಹೋಗಿ ಅದರ ಮೂಳಿ, ಸ್ನಾಯು ಅಳತಿ ತಗೋತಿದ್ದ. 1831ರ ಸಲೋನ್ ಪ್ರದರ್ಶನಕ್ಕ ಇಂವ ಕೊಟ್ಟಿದ್ದು ಹುಲಿ ಒಂದು ಘಡಿಯಾಲ್ ಮೊಸಳಿನ ಕಚ್ಚಿ ತಿನ್ನೋ ಶಿಲ್ಪ. ಘಡಿಯಾಲ್ ಅಂದ್ರ ನಮ್ಮ ಗಂಗಾ ನದಿದು. ಪ್ಯಾರಿಸ್ ಬಿಟ್ಟು ದೂರ ಹೋಗದಾಂವ ನಮ್ಮ ದೇಶದ ಎರಡು ಪ್ರಾಣಿ ಹಿಡ್ಕೊಂಡು ಹೆಸರು ಮಾಡ್ದ.

ಬಾರಿ ಕೆಲಸ ನನಗ ಪೂರ್ತಿ ಹಿಡಿಸಂಗಿಲ್ಲ, ಅಂವನ ಪ್ರಾಣಿ ಯಾವಾಗ್ಲೂ ಒಂದನ್ನೊಂದು ಹರಿದು ತಿಂತಿರ್ತಾವ, ನೋಡೋರ ಎದಿ ಝಲ್ ಅನ್ನಲಿ ಅಂತನೇ ಮಾಡ್ದಂಗ ಇರ್ತಾವ. ಆದ್ರೂ ಅಂವ ಒಂದು ಬಾಗ್ಲ ತೆಗೆದ. ಆ ಹುಲಿ ಯಾವ ದೇವಿ ವಾಹನನೂ ಅಲ್ಲ, ಯಾವ ರಾಜನ ಲಾಂಛನನೂ ಅಲ್ಲ. ಹಸಿವಿ ಆಗಿತ್ತು, ಹಿಡೀತು, ತಿನ್ಲಾಕತ್ತದ. ಮುಂದ ಬಾರಿ ಅದೇ ತೋಟದ ಮ್ಯೂಸಿಯಮ್‌ದಾಗ ಪ್ರಾಣಿ ಚಿತ್ರ ಕಲಿಸೋ ಮಾಸ್ತರ ಆದ, ಅಲ್ಲಿ ಅಂವನ ಕಡೆ ಕೆಲವು ದಿನ ಕಲ್ತ ಹುಡುಗುರಾಗ ಒಬ್ಬಾಂವ ರೊಡಾನ್, ಮುಂದ ದೊಡ್ಡ ಶಿಲ್ಪಿ ಅಂತ ಹೆಸರಾದಾಂವ. ಆ ರೊಡಾನ್‌ನ ಕಾರ್ಖಾನಿಯಾಗ ಕಲ್ಲು ಕೆತ್ತೋ ಕೂಲಿ ಕೆಲಸ ಮಾಡಿದಾಂವ ಫ್ರಾನ್ಸುವಾ ಪೊಂಪೊನ್. ನನ್ನ ಪ್ರಕಾರ ಈ ಇಡೀ ಕತಿಯ ದೊಡ್ಡ ಮನುಷ್ಯಾ ಇಂವ.

ಪೊಂಪೊನ್ ಹುಟ್ಟಿದ್ದು 1855ರಾಗ, ಫ್ರಾನ್ಸಿನ ಹಳ್ಳಿ ಕಡಿಯಾಂವ. ಜೀವನದ ಹೆಚ್ಚಿನ ಪಾಲು ಬ್ಯಾರೆಯವರ ಮೂರ್ತಿ ಕೆತ್ತೂದರಾಗೇ ಹೋತು, ದೊಡ್ಡ ಶಿಲ್ಪಿ ಮಣ್ಣಿನಾಗ ಮಾಡಿ ಕೊಟ್ರ ಇಂವ ಅದನ್ನ ಅಮೃತಶಿಲೆಯಾಗ ಇಳಸ್ತಿದ್ದ, ಹೆಸರು ಮಾತ್ರ ಅವರದು. ಬಿಡುವಾದಾಗ ಹಳ್ಳಿಗೆ ಹೋಗಿ ಕೋಳಿ, ಬಾತುಕೋಳಿ ಹಿಂದ ತಿರುಗಿ ತಿರುಗಿ ನೋಡಾಂವ, ಅವು ಹೆಂಗ ಹೆಜ್ಜಿ ಇಡ್ತಾವ, ಕುತ್ತಿಗಿ ಎಲ್ಲಿ ತಿರಗ್ತದ, ನಿಂತಾಗ ಭಾರ ಎಲ್ಲಿ ಬೀಳ್ತದ. ಮದ್ಲ ಎಲ್ಲಾ ಪುಕ್ಕ, ಎಲ್ಲಾ ವಿವರ ಸೇರಿಸಿ ಮಾಡೂದು, ಆಮ್ಯಾಲ ಒಂದೊಂದೇ ತೆಗೀತಾ ಹೋಗೂದು. 1922ರಾಗ ಪ್ಯಾರಿಸ್‌ನ ಒಂದು ಪ್ರದರ್ಶನದಾಗ ಇಂವನ ಬಿಳಿ ಕರಡಿ ಬಂತು, ಆಗ ವಯಸ್ಸು 67. ಅಲ್ಲಿವರೆಗೆ ಇಂವನ ಹೆಸರು ಹೊರಗ ಹೆಚ್ಚು ಜನಕ್ಕ ಗೊತ್ತೇ ಇರ್ಲಿಲ್ಲ.

ಅದೇ ಕರಡಿ, ಆಮ್ಯಾಲ ಕಲ್ಲಿನಾಗ ಕೆತ್ತಿದ್ದು, ಈಗ ಪ್ಯಾರಿಸ್‌ನ ಓರ್ಸೆ ಮ್ಯೂಸಿಯಮ್‌ದಾಗ ಅದ, ಎರಡೂವರೆ ಮೀಟರ್ ಉದ್ದ, ಬಿಳಿ ಕಲ್ಲು. ನಾ ಫೋಟೋದಾಗ, ವಿಡಿಯೋದಾಗ ನೋಡಿದ್ದು ಅಷ್ಟೇ, ಆದ್ರೂ ಎಷ್ಟು ಸಲ ನೋಡಿದ್ರೂ ಸಾಕಾಗಂಗಿಲ್ಲ. ಕೂದಲು ಒಂದೂ ಕೆತ್ತಿಲ್ಲ, ಹೊಳಿಯಾಗ ಉರುಳಿ ಉರುಳಿ ನುಣ್ಣಗಾದ ಗುಂಡಿನಂಗ ಮೈ. ಕಣ್ಣು ಸಣ್ಣದು, ಕಿವಿ ಸಣ್ಣವು. ಅದು ಏನೂ ಮಾಡ್ಲಾಕತ್ತಿಲ್ಲ, ಬ್ಯಾಟಿ ಆಡಂಗಿಲ್ಲ, ಗುರ್ ಅನ್ನಂಗಿಲ್ಲ, ಸುಮ್ನ ನಡಕೊಂಡು ಹೊಂಟದ, ಮುಂದಿನ ಕಾಲು ಇನ್ನೇನು ಭಾರ ತಗೋತದ, ಹಿಂದಿನ ಕಾಲು ಇನ್ನೇನು ಬಿಡ್ತದ, ಆ ನಡುವಿನ ಗಳಿಗಿ ಹಿಡದಾನ. ತುಪ್ಪಳ ಕೆತ್ತಿದ್ರ ನಮ್ಮ ಕಣ್ಣು ತುಪ್ಪಳದಾಗೇ ಸಿಕ್ಕೊಂತಿತ್ತು, ತೆಗೆದಿದ್ದಕ್ಕ ನಡಿಗಿ ಉಳೀತು. ಪ್ರಾಣಿನ ದೂರದಿಂದ ಗುರ್ತು ಹಿಡಿಯೂದು ನಡಿಗಿಯಿಂದನೇ, ದನ ಕಾಯೋ ಯಾರನ್ನಾದ್ರೂ ಕೇಳ್ರಿ.

ದೆಗಾ ಅಂತ ಚಿತ್ರಕಾರನ ಹೆಸರು ಹೇಳ್ದೆ ಮುಂದ ಹೋಗಬಾರದು. 1917ರಾಗ ಅಂವ ಸತ್ತ ಮ್ಯಾಲ ಮನ್ಯಾಗ ಸುಮಾರು 150 ಮೇಣ, ಮಣ್ಣಿನ ಶಿಲ್ಪ ಸಿಕ್ವು, ಭಾಳಷ್ಟು ಮುರದಿದ್ವು, ಅದರಾಗ ಎಷ್ಟೋ ಕುದುರೆ. ಬದುಕಿದ್ದಾಗ ಒಂದು ನರ್ತಕಿ ಶಿಲ್ಪ ಬಿಟ್ರ ಯಾವುದನ್ನೂ ಪ್ರದರ್ಶನಕ್ಕ ಇಟ್ಟಿರ್ಲಿಲ್ಲ. ಮೈಬ್ರಿಜ್ 1878ರಾಗ ಓಡೋ ಕುದುರೆ ಫೋಟೋ ತೆಗೆದು ನಾಕೂ ಕಾಲು ನೆಲ ಬಿಡ್ತಾವ ಅಂತ ತೋರಿಸಿದ ಮ್ಯಾಲ ದೆಗಾ ಅದನ್ನ ಕೈಯಾಗ ಮೇಣ ಹಿಡಕೊಂಡು ತಿಳ್ಕೊಳ್ಳಾಕ ನೋಡಿದ್ದ. ಇನ್ನೊಬ್ಬಾಂವ ರೆಂಬ್ರಾಂಟ್ ಬುಗಾಟಿ, ಕಾರ್ ಕಂಪನಿ ಬುಗಾಟಿಯವರ ತಮ್ಮ, ಬೆಲ್ಜಿಯಮ್‌ನ ಆಂಟ್ವರ್ಪ್ ಝೂ ಒಳಗ ಪಂಜರದ ಮುಂದನೇ ಕುಂತು ಜೀವಂತ ಪ್ರಾಣಿ ನೋಡಿ ನೋಡಿ ಮಾಡ್ತಿದ್ದ. ಮೊದಲ ಮಹಾಯುದ್ಧದಾಗ ಆ ಝೂ ಪ್ರಾಣಿಗೋಳನ್ನ ಕೊಂದ್ರು. 1916ರಾಗ, 31ನೇ ವಯಸ್ಸಿಗೆ, ಅಂವ ಜೀವ ಕಳಕೊಂಡ.

ಈಗ ನಮ್ಮ ಮುತ್ಯಾನ ಮಾತು. ಅವ್ವನ ತವರು ಭಾಲ್ಕಿ ಕಡೆ, ಮುತ್ಯಾ ಆಯುಷ್ಯ ಪೂರ್ತಿ ದೇವಣಿ ದನ ಸಾಕಿದಾಂವ, ಸಂತಿಯಾಗ ವಲ್ಲಿ ಕೆಳಗ ಬಟ್ಟ ಹಿಡಿದು ರೇಟ್ ಮಾತಾಡೋ ಕಾಲದ ಮನುಷ್ಯಾ, ಎತ್ತಿನ ಸುಳಿ ನೋಡಿ ಗುಣ ಹೇಳ್ತಾನ. ದೀಪಾವಳಿಗೆ ಹೋದಾಗ ಅಂವನ ಬಾಜೂಕ ಕುಂತು ಮೊಬೈಲ್‌ದಾಗ ಈ ಶಿಲ್ಪಗೋಳನ್ನ ಒಂದೊಂದೇ ತೋರಿಸಿದೆ, ಹೆಸರು ಹೇಳ್ಲಿಲ್ಲ, ಯಾರು ಮಾಡ್ಯಾರ ಅಂತನೂ ಹೇಳ್ಲಿಲ್ಲ. ಪಿಕಾಸೋನ ಆಡು ಬಂತು, 1950ರಾಗ ದಕ್ಷಿಣ ಫ್ರಾನ್ಸಿನ ವಲೋರಿಸ್ ಅನ್ನೋ ಕುಂಬಾರಿಕಿ ಊರಾಗ ಮಾಡಿದ್ದು. ಮುತ್ಯಾ ಚಸ್ಮಾ ಏರಿಸಿ ನೋಡ್ದ.

"ಆಡು ಅದ. ಗಬ್ಬ ಅದ ನೋಡು, ಇನ್ನ ಸ್ವಲ್ಪ ದಿನಕ್ಕ ಈಯ್ತದ."

"ಹೆಂಗ ಗೊತ್ತಾತು ಮುತ್ಯಾ?"

"ಹೊಟ್ಟಿ ಕೆಳಗ ಇಳದದ, ಕೆಚ್ಚಲ ತುಂಬ್ಯಾದ, ಕಾಲು ಅಗಲ ಮಾಡಿ ನಿಂತದ. ಇನ್ನೇನ್ ಬೇಕು ತಮ್ಮಾ?"

ಖರೇನೇ ಅದು ಗಬ್ಬದ ಆಡು, ಪುಸ್ತಕದಾಗೆಲ್ಲಾ ಹಂಗೇ ಬರದಾರ. ಆ ಹೊಟ್ಟಿ ಏನದ ಗೊತ್ತೇನ್ರಿ, ಬೆತ್ತದ ಬುಟ್ಟಿ. ಕೆಚ್ಚಲ ಎರಡು ಮಣ್ಣಿನ ಗಡಿಗಿ, ಕುಂಬಾರರ ಕಡೆ ಬಿಸಾಕಿದ್ದು. ಬೆನ್ನಿಗೆ ತಾಳಿ ಗರಿ. ಕಸದಾಗ ಸಿಕ್ಕಿದ್ದು ಆರಿಸಿ ತಂದು, ಪ್ಲಾಸ್ಟರ್ ಹಾಕಿ ಜೋಡಿಸಿ, ಆಮ್ಯಾಲ ಕಂಚಿನಾಗ ಎರಕ ಹೊಯ್ಯಿಸ್ಯಾನ. ಇದನ್ನ ಹೇಳಿದ್ರ ಮುತ್ಯಾ ನಗಲಿಲ್ಲ, ಆಶ್ಚರ್ಯನೂ ಪಡಲಿಲ್ಲ, ಮಾಡಿದಾಂವ ಆಡು ಸಾಕಿದಾಂವ ಇರ್ಬೇಕು ಅಂದ. ಪಿಕಾಸೋ ಮುಂದ ಕೆಲವು ವರ್ಷಕ್ಕ ಮನ್ಯಾಗ ಖರೇನೇ ಒಂದು ಆಡು ಸಾಕಿದ್ದ, ಎಸ್ಮೆರಾಲ್ಡಾ ಅಂತ ಹೆಸರು. ಬುಟ್ಟಿ ಗಡಿಗಿ ಕಾಣ್ತಾವೋ ಇಲ್ಲೋ ಅನ್ನೂದು ಮುತ್ಯಾಗ ಸಂಬಂಧನೇ ಇಲ್ಲ, ಆಡಿನ ಹೊಟ್ಟಿ ಭಾರ ಸರಿ ಬಂದದ, ಮುಗೀತು. ದೊಡ್ಡ ದೊಡ್ಡ ವಿಮರ್ಶಕರು ಪಿಕಾಸೋ ಬಗ್ಗೆ ಬರದ ಪುಟಗಟ್ಟಲೆ ಮಾತಿಗಿಂತ ನನಗ ಈ ಪರೀಕ್ಷಾನೇ ಮೇಲು ಅನಸ್ತದ. ಜೀವನ ಪೂರ್ತಿ ಆ ಪ್ರಾಣಿ ಜೋಡಿ ಇದ್ದಾಂವ ಗುರ್ತು ಹಿಡಿಬೇಕು, ತಳಿ ಅಷ್ಟೇ ಅಲ್ಲ, ಅದರ ಸ್ಥಿತಿ ಗುರ್ತು ಹಿಡಿಬೇಕು.

ಅದೇ ಪಿಕಾಸೋ 1942ರಾಗ ಸೈಕಲ್ ಸೀಟು ಮತ್ತ ಹ್ಯಾಂಡಲ್ ಎರಡೇ ಜೋಡಿಸಿ ಹೋರಿ ತಲಿ ಮಾಡಿದ್ದ. ಮುತ್ಯಾ ಅದಕ್ಕೂ ಹೂಂ ಅಂದ, ಕೋಡು ಭಾಳ ಅಗಲ ಆಗ್ಯಾವ ಅಂದ.

ಬ್ರಾಂಕೂಸಿ ಹಕ್ಕಿ ಮಾತ್ರ ಮುತ್ಯಾ ಒಪ್ಪಲಿಲ್ಲ. ರೊಮೇನಿಯಾದ ಹಳ್ಳಿಂದ ಪ್ಯಾರಿಸ್‌ಗೆ ಬಂದ ಬ್ರಾಂಕೂಸಿ ಸ್ವಲ್ಪೇ ದಿನ ರೊಡಾನ್ ಕಡೆ ಇದ್ದು ಹೊರಗ ಬಂದಾಂವ, 1920ರ ದಶಕದಿಂದ ಇಪ್ಪತ್ತು ವರ್ಷದ ತನಕ ಮತ್ತ ಮತ್ತ ಮಾಡಿದ ಶಿಲ್ಪ ಅದು, 'ಬಾಹ್ಯಾಕಾಶದಾಗ ಹಕ್ಕಿ' ಅಂತ ಕರೀಬೋದು. ರೆಕ್ಕಿ ಇಲ್ಲ, ಕೊಕ್ಕು ಇಲ್ಲ, ಪುಕ್ಕ ಇಲ್ಲ, ಕೆಳಗ ಸಣ್ಣಗ ಶುರುವಾಗಿ ನಡುವ ಉಬ್ಬಿ ಮ್ಯಾಲ ಓರೆಯಾಗಿ ಕಡದಂಗ ನಿಂತ ಕಂಚು, ಕನ್ನಡಿ ಹಂಗ ಪಾಲಿಶ್ ಮಾಡಿದ್ದು. ಮುತ್ಯಾ ನೋಡಿ "ಇದರಾಗ ಹಕ್ಕಿ ಎಲ್ಲದ" ಅಂತ ಮೊಬೈಲ್ ವಾಪಸ್ ಕೊಟ್ಟ. ಅಮೆರಿಕಾದ ಕಸ್ಟಮ್ಸ್ ಆಫೀಸರ್‌ಗಳೂ ಇದೇ ಪ್ರಶ್ನೆ ಕೇಳಿದ್ರು. 1926ರಾಗ ನ್ಯೂಯಾರ್ಕ್ ಬಂದರಕ್ಕ ಈ ಹಕ್ಕಿ ಬಂದಾಗ, ಕಲಾಕೃತಿಗೆ ಟ್ಯಾಕ್ಸ್ ಇಲ್ಲ ಆದ್ರ ಇದು ಕಲೆ ಅಲ್ಲ, ಅಡುಗಿ ಮನಿ ಮತ್ತ ಆಸ್ಪತ್ರಿ ಸಾಮಾನಿನ ಲೆಕ್ಕದಾಗ ಬರ್ತದ ಅಂತ 40 ಪರ್ಸೆಂಟ್ ಸುಂಕ ಹಾಕಿದ್ರು. ಕೊಂಡ್ಕೊಂಡಿದ್ದ ಫೋಟೋಗ್ರಾಫರ್ ಸ್ಟೈಕನ್, ಕೋರ್ಟಿಗೆ ಹೋದ್ರು, ಶಿಲ್ಪ ಅಂದ್ರ ಇರೋ ವಸ್ತುವಿನ ನಕಲೇ ಆಗಿರ್ಬೇಕಾ ಅಂತ ವಾದ ನಡೀತು, 1928ರಾಗ ನ್ಯಾಯಾಧೀಶರು ಬ್ರಾಂಕೂಸಿ ಕಡೆ ತೀರ್ಪು ಕೊಟ್ರು.

ಮುತ್ಯಾನ ಮಾತಿಗೆ ನನಗ ಗೌರವ ಅದ, ಆದ್ರ ಇಲ್ಲಿ ನಾ ಕೋರ್ಟಿನ ಕಡೆ. ಕೋಳಿ, ಬಾತು ಆದ್ರ ಅದರ ಮೈಭಾರ ಹಿಡಿಬೋದು, ಹಾರೋ ಹಕ್ಕಿಗೆ ನಮ್ಮ ಕಣ್ಣಿಗೆ ಸಿಗೋ ಮೈ ಎಷ್ಟದ? ಜೋಳದ ಹೊಲದ ಮ್ಯಾಲಿಂದ ಗಿಳಿ ಹಿಂಡು ಸರ್ ಅಂತ ಹೋದಾಗ ನಾವು ನೋಡೂದು ಒಂದು ಹಸರು ಗೆರಿ ಅಷ್ಟೇ, ಪುಕ್ಕ ಎಣಸ್ತೀವೇನು? ಬ್ರಾಂಕೂಸಿ ಆ ಗೆರಿ ನಿಲ್ಲಿಸ್ಯಾನ. ಇನ್ನೊಂದು ಮಾತು, ಈ ಹಕ್ಕಿ ನಮ್ಮ ದೇಶಕ್ಕ ಬಂದಿತ್ತು. ಇಂದೋರ್‌ದ ಮಹಾರಾಜ ಯಶವಂತರಾವ್ ಹೋಳ್ಕರ್ ಮೂರು ಹಕ್ಕಿ ತಗೊಂಡಿದ್ದ, ಒಂದು ಕಂಚಿಂದು, ಒಂದು ಕರಿ ಅಮೃತಶಿಲೆ, ಒಂದು ಬಿಳಿ ಅಮೃತಶಿಲೆ. ಅವಕ್ಕಂತನೇ ಇಂದೋರ್‌ದಾಗ ಒಂದು ಧ್ಯಾನಮಂದಿರ ಕಟ್ಟೋ ಯೋಜನಾ ಇತ್ತು, 1937ರ ಕೊನಿಗೆ ಬ್ರಾಂಕೂಸಿ ಖುದ್ದಾಗಿ ಬಂದು ಕಾದ, ಮಂದಿರ ಏಳಲೇ ಇಲ್ಲ. ಆ ಕರಿ, ಬಿಳಿ ಎರಡೂ ಹಕ್ಕಿ ಈಗ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಾಗ ಅವ. ದೇವರು ಇಲ್ಲದ, ಬರೇ ಹಕ್ಕಿಗಂತ ಒಂದು ಗುಡಿ ನಮ್ಮ ನೆಲದ ಮ್ಯಾಲ ಆಗ್ತಿತ್ತು, ಆಗ್ಲಿಲ್ಲ, ಅದನ್ನ ನೆನೆಸಿದ್ರ ನನಗ ಇವತ್ತಿಗೂ ಸಂಕಟ ಆಗ್ತದ.

ಹೆನ್ರಿ ಮೂರ್ ಅನ್ನೋ ಇಂಗ್ಲಿಷ್ ಶಿಲ್ಪಿ ವಯಸ್ಸಾದ ಮ್ಯಾಲ ಕುರಿ ಹಿಂದ ಬಿದ್ದ. ಅಂವ ಕೆಲಸ ಮಾಡೋ ಸಣ್ಣ ಖೋಲಿ ಕಿಟಕಿಯಾಚೆ ಹೊಲದಾಗ ಕುರಿ ಮೇಯ್ತಿದ್ವು, 1972ರಾಗ ಒಂದು ಪೂರ್ತಿ ಪುಸ್ತಕದಾಗ ಅವುಗಳ ಚಿತ್ರನೇ ಬಿಡಿಸಿದ. ಮದಲ ಅವು ಬರೇ ಉಣ್ಣಿ ಉಂಡಿ ಹಂಗ ಕಂಡ್ವಂತ, ನೋಡ್ತಾ ನೋಡ್ತಾ ಆ ಉಣ್ಣಿ ಕೆಳಗ ಮೈ ಅದ, ಒಂದೊಂದಕ್ಕ ಒಂದೊಂದು ಸ್ವಭಾವ ಅದ ಅಂತ ತಿಳೀತಂತ. ಯಾದಗಿರಿ, ಶಹಾಪುರ ಕಡೆ ಹೊಲದಾಗ ಕುರಿ ತರುಬಿದ ಕುರಿಗಾಹಿಗೆ ಈ ಮಾತು ಹೇಳಿದ್ರ ಅಂವ ಏನಂದಾನು, ನೂರಾರು ಕುರಿ ಒಳಗ ಒಂದು ಕಮ್ಮಿ ಆದ್ರ ಯಾವ ಕುರಿ ಅಂತ ಕತ್ತಲಾಗ ಹೇಳೋ ಜನ ಅವರು. ಮೂರ್ ಆ ಹೊಲದಾಗೇ ಒಂದು ದೊಡ್ಡ ಕಂಚಿನ ಶಿಲ್ಪ ನಿಲ್ಲಿಸಿದ, ಎರಡು ಗುಂಡನ ಆಕಾರ ಒಂದಕ್ಕೊಂದು ಒರಗಿದಂಗ, ತಾಯಿ ಮರಿ ಅನ್ನೂಹಂಗ. ಕುರಿಗೋಳು ಅದರ ನೆರಳಿಗೆ ಬಂದು ಮಲಗ್ತಾವ, ಅದಕ್ಕ ಮೈ ತಿಕ್ಕೊಂತಾವ, ತಿಕ್ಕಿ ತಿಕ್ಕಿ ಕಂಚು ಹೊಳೀತದ. ಇಂಥ ಪ್ರೇಕ್ಷಕರು ಎಷ್ಟು ಕಲಾವಿದರಿಗೆ ಸಿಗ್ತಾರ!

ಜ್ಯಾಕೊಮೆಟ್ಟಿ ಅನ್ನೋ ಶಿಲ್ಪಿಯ 1951ರ ನಾಯಿ ಒಂದದ, ತಲಿ ಕೆಳಗ ಹಾಕ್ಕೊಂಡು ಹೊಂಟ ಬಡಕಲು ನಾಯಿ, ಕಲಬುರಗಿ ಬಸ್ ಸ್ಟ್ಯಾಂಡ್ ಮುಂದ ಜೂನ್ ತಿಂಗಳಾಗ ಮಳಿಗೆ ತೊಯ್ದ ನಾಯಿನ ನೋಡಿದವರಿಗೆ ಆ ಶಿಲ್ಪ ಯಾರೂ ಬಿಡಿಸಿ ಹೇಳೂದು ಬ್ಯಾಡ. ಅಮೆರಿಕಾದ ಕಲಾವಿದ ಜೆಫ್ ಕೂನ್ಸ್‌ನ ಪುಗ್ಗಾ ನಾಯಿ 2013ರಾಗ 5.84 ಕೋಟಿ ಡಾಲರ್‌ಗೆ ಹೋತು, ಹೊಳಪು ಅದ, ನಾಯಿ ಇಲ್ಲ. ಡೇಮಿಯನ್ ಹರ್ಸ್ಟ್ 1991ರಾಗ ಖರೇ ಶಾರ್ಕ್ ಮೀನನ್ನೇ ಫಾರ್ಮಾಲಿನ್ ಪೆಟ್ಟಿಗಿಯಾಗ ಇಟ್ಟ, ಅದು ಕೆಟ್ಟು ಹೋತು, ಮುಂದ ಇನ್ನೊಂದು ಶಾರ್ಕ್ ತಂದು ಇಟ್ರು. ಇದಕ್ಕ ನನ್ನ ಮನಸ್ಸು ಒಪ್ಪಂಗೇ ಇಲ್ಲ. ಬಾರಿ ಸತ್ತ ಸಿಂಹದ ಅಳತಿ ತಗೊಂಡಿದ್ದು ಜೀವ ಇರೋ ಸಿಂಹ ಮಾಡ್ಲಾಕ. ಇಲ್ಲಿ ನೋಡೂದು ತಪ್ಪಿಸಿ ಹೆಣನೇ ತಂದಿಟ್ಟಾರ.

ನಮ್ಮ ದೇಶದಾಗ? ಕಲಾವಿದೆ ಭಾರತಿ ಖೇರ್ 2006ರಾಗ ಫೈಬರ್‌ದಾಗ ಪೂರ್ತಿ ಅಳತಿ ಹೆಣ್ಣಾನೆ ಮಾಡಿ, ನೆಲಕ್ಕ ಕುಸಿದು ಮಲಗಿಸಿ, ಮೈ ತುಂಬ ಬಿಂದಿ ಹಚ್ಯಾರ, ಸಾವಿರಾರು ಬಿಂದಿ, ಹಾವಿನಂಗ ಡೊಂಕ ಆಗಿ ಹರಿಯೋವು. ಅದು ಸಾಯ್ಲಾಕತ್ತದೋ ಎದ್ದು ನಿಲ್ಲಾಕ ನೋಡ್ಲಾಕತ್ತದೋ ತಿಳಿಯಂಗಿಲ್ಲ. ಮೆರವಣಿಗ್ಯಾಗ ಅಂಬಾರಿ ಹೊತ್ತ ಆನೆ ನೋಡಿ ಬೆಳೆದ ನಮಗ, ನೆಲಕ್ಕ ಮಲಗಿದ ಆನೆ ಮುಂದ ನಿಂತ್ರ ಗಂಟಲು ಕಟ್ತದ. ಅದಕ್ಕೂ ಮೊದಲಿಂದು ರಾಮಕಿಂಕರ್ ಬೈಜ್ ಅವರ 'ಸಂಥಾಲ್ ಕುಟುಂಬ', ಶಾಂತಿನಿಕೇತನದಾಗ 1938ರಾಗ ಮಾಡಿದ್ದು. ಗುಳೆ ಹೊಂಟ ಕುಟುಂಬ, ಗಂಡಸಿನ ಹೆಗಲ ಮ್ಯಾಲ ಕಾವಡಿ, ಬುಟ್ಟಿಯಾಗ ಕೂಸು, ಜೋಡಿ ಹೆಣ್ಣಮಗಳು, ಕಾಲಾಗ ಒಂದು ನಾಯಿ. ಆ ನಾಯಿನೂ ಕುಟುಂಬದಾಗ ಒಂದು, ಎಲ್ರ ಜೋಡಿ ಅದೂ ಕೆಲಸ ಹುಡುಕ್ಕೊಂಡು ಹೊಂಟದ. ಕಲಬುರಗಿ ಸ್ಟೇಷನ್‌ದಾಗ ಮುಂಬೈ ಗಾಡಿಗೆ ಕಾಯೋ ಮಂದಿನ ನೋಡಿದವರು ಈ ಶಿಲ್ಪದ ಮುಂದ ಸುಮ್ಮ ನಿಂತುಬಿಡ್ತಾರ. ಅದು ಅಮೃತಶಿಲೆ ಅಲ್ಲ, ಕಂಚಲ್ಲ, ಸಿಮೆಂಟು ಮತ್ತ ಆ ಊರಿನ ಕೆಂಪು ಗರಸು. ಹತ್ರ ಹೋದ್ರ ಕೈಗೆ ಹತ್ತೂಹಂಗ ಒರಟು.

ಈ ಸಿಮೆಂಟ್ ಮಾತು ಬೇಕಂತನೇ ಎತ್ತಿದೆ. ನಮ್ಮ ಊರುಗಳ ಪಾರ್ಕು, ಸರ್ಕಲ್, ರಿಸಾರ್ಟ್ ಬಾಗ್ಲಾಗ ಈಗ ಎಲ್ಲಿ ನೋಡಿದ್ರೂ ಸಿಮೆಂಟ್ ಜಿರಾಫೆ, ಫೈಬರ್ ಚಿಗರಿ, ಬಾಯಿ ತೆಗೆದ ಹುಲಿ. ಕಣ್ಣಿಗೆ ಕಪ್ಪು, ಬಾಯಿಗೆ ಕೆಂಪು ಪೇಂಟ್, ಕಾಲು ಮಾತ್ರ ನಾಕೂ ಕಂಬ. ಮಕ್ಕಳು ಹತ್ತಿ ಕುಂದ್ರಲಿ ಅಂತ ಇಟ್ಟಿದ್ರ ಇರಲಿ, ಅದಕ್ಕ ನನ್ನ ತಕರಾರಿಲ್ಲ. ತಕರಾರು ಏನಂದ್ರ ಅವನ್ನ ಮಾಡಿದವರು ಪ್ರಾಣಿನ ನೋಡೇ ಇಲ್ಲ, ಇನ್ನೊಂದು ಸಿಮೆಂಟ್ ಹುಲಿ ನೋಡಿ ಈ ಸಿಮೆಂಟ್ ಹುಲಿ ಮಾಡ್ಯಾರ. ಇದೇ ಸಿಮೆಂಟಿನಾಗ ರಾಮಕಿಂಕರ್ ಅಂಥ ನಾಯಿ ಮಾಡಿದ್ರು ಅಂದ ಮ್ಯಾಲ ಕೊರತೆ ಸಾಮಾನಿಂದಲ್ಲ.

ಬೀದರ್‌ನ ಬಿದ್ರಿ ಆನೆ ಬಗ್ಗೆ ಇಲ್ಲಿ ಬರೀಲೇಬೇಕು. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ದು, ಒರೆಸಿ, ಮೈಲುತುತ್ತ ಹಚ್ಚಿ ಸ್ವಲ್ಪ ಕಪ್ಪ ಮಾಡಿ, ಮ್ಯಾಲ ಕೈಲೇ ಗೆರಿ ಕೊರೆದು, ಬೆಳ್ಳಿ ತಂತಿ ಕೂಡಿಸಿ, ಕಡೀಕ ಕೋಟೆ ಮಣ್ಣು ಮತ್ತ ನವಸಾಗರದ ನೀರಾಗ ಹಾಕಿ ತಿಕ್ಕಿದ್ರ ಲೋಹ ಕಾಡಿಗಿ ಕಪ್ಪಾಗ್ತದ, ಬೆಳ್ಳಿ ಬೆಳ್ಳಗೇ ಉಳೀತದ. ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಾಗ ಪದ್ಮಶ್ರೀ ಬಂದಾಗ ಬೀದರ್‌ನಾಗ ಎಷ್ಟು ಖುಷಿ ಆಗಿತ್ತು. ಅಂಗಡಿಯಾಗ ಆನೆ, ಕುದುರೆ, ನವಿಲು ಸಾಲಾಗಿ ಇಟ್ಟಿರ್ತಾರ. ಜನ ಬೆಳ್ಳಿ ಹೂಬಳ್ಳಿ ನೋಡ್ತಾರ, ನಾ ಕಪ್ಪು ನೋಡ್ತೀನಿ. ಆ ಕಪ್ಪಿನ ಮ್ಯಾಲ ನೆರಳು ಬೀಳಂಗೇ ಇಲ್ಲ, ಚರ್ಮದ ಸುಕ್ಕು, ಮೊಣಕಾಲಿನ ಗಂಟು ಎಷ್ಟು ಕೆತ್ತಿದ್ರೂ ಕಾಣಂಗಿಲ್ಲ, ಉಳಿಯೂದು ಹೊರಗಿನ ಗೆರಿ ಒಂದೇ, ಬೆನ್ನಿನ ಇಳಿಜಾರು, ಸೊಂಡ್ಲಿನ ತಿರುವು. ಪೊಂಪೊನ್ ಬಿಳಿ ಕಲ್ಲಿನಾಗ ಎಲ್ಲಾ ತೆಗೆದು ತೆಗೆದು ಎಲ್ಲಿ ಹೋಗಿ ಮುಟ್ಟಿದ್ನೋ, ಬಿದ್ರಿ ಕಪ್ಪು ತನ್ನಷ್ಟಕ್ಕ ತಾನೇ ಅಲ್ಲಿ ತಂದು ನಿಲ್ಲಸ್ತದ. ಒಬ್ಬ ಕಾರಿಗರ್ ಒಂದೇ ಒಂದು ಆನೆ ಹೂಬಳ್ಳಿ ಇಲ್ಲದ, ಅಂಬಾರಿ ಇಲ್ಲದ, ಎಲ್ಲೋ ಒಂದು ಕಡೆ, ಕಣ್ಣಿಗೋ ಉಗುರಿಗೋ ಅಷ್ಟೇ ಬೆಳ್ಳಿ ಇಟ್ಟು ಮಾಡಿ ಕೊಟ್ರ ಅದನ್ನ ಜಗತ್ತಿನ ಯಾವ ಮ್ಯೂಸಿಯಮ್‌ದಾಗ ಬೇಕಾದ್ರೂ ಇಡಬೋದು. ಮಾರಾಟ ಆಗಂಗಿಲ್ಲ ಅಂತಾರ, ಬೆಳ್ಳಿ ತೂಕದ ಮ್ಯಾಲ ರೇಟ್ ಇರೂದ್ರಿಂದ ಅದೂ ಖರೇನೇ. ಆದ್ರೂ ಮಾಡಿಸ್ಬೇಕು, ಮಾಡಿಸೋರು ನಾವೇ ಮುಂದ ಬರ್ಬೇಕು.

ಇನ್ನ ಮಣ್ಣೆತ್ತು. ಕಾರಹುಣ್ಣಿಮಿಗೆ ಖರೇ ಎತ್ತಿಗೆ ಬಣ್ಣ ಹಚ್ಚಿ ಓಡಿಸಿದ ಮ್ಯಾಲ, ಮುಂದಿನ ಅಮಾಸಿಗೆ ಮನಿ ಮನಿಯಾಗ ಮಣ್ಣಿನ ಎತ್ತು ಮಾಡಿ ಗ್ವಾದಲಿ ಮುಂದ ನಿಲ್ಲಿಸಿ ಪೂಜಿ ಮಾಡ್ತೀವಿ. ಇಡೀ ಉತ್ತರ ಕರ್ನಾಟಕದಾಗ ಒಂದೇ ದಿನ ಮುದುಕ್ರು, ಮಕ್ಕಳು, ಹೆಣ್ಣಮಕ್ಕಳು ಎಲ್ರೂ ಕೂಡಿ ಪ್ರಾಣಿ ಶಿಲ್ಪ ಮಾಡೋ ಹಬ್ಬ ಇದು, ಇಂಥದು ಜಗತ್ತಿನಾಗ ಎಷ್ಟು ಕಡೆ ಅದ ಹೇಳ್ರಿ. ಮತ್ತ ಆ ಎತ್ತಿನ ಮ್ಯಾಲ ಶಿವ ಕುಂತಿಲ್ಲ, ಹೆಗಲ ಮ್ಯಾಲ ನೊಗನೂ ಇಲ್ಲ, ಪೂಜಿ ಎತ್ತಿಗೇ. ಎರಿ ಮಣ್ಣು ನಾದಿ ಕೂತ ಮಗೂಗ ಕಣ್ಣು ಮೂಗು ಮಾಡ್ಲಾಕ ಬರಂಗಿಲ್ಲ, ಮದ್ಲ ಹಿಣಿಲು ಎತ್ತಿ, ಕೋಡು ಚಿವುಟಿ, ನಾಕು ಕಾಲು ದಪ್ಪಗ ಇಟ್ರ ಎತ್ತು ನಿಲ್ತದ. ದಪ್ಪ ಯಾಕಂದ್ರ ಹಸಿ ಮಣ್ಣಿನ ಸಣ್ಣ ಕಾಲು ಭಾರಕ್ಕ ಕುಸೀತದ. ಮಣ್ಣೇ ಕಲಿಸ್ತದ ಅದಕ್ಕ. ಈಗ ಹೆಚ್ಚಿನ ಕಡೆ ಪೇಟಿಯಿಂದ ಅಚ್ಚಿನ ಎತ್ತು ತರ್ತಾರ, ಪಿಒಪಿ, ಹೊಳಿಯೋ ಪೇಂಟ್, ನೂರು ಎತ್ತಿಗೂ ಒಂದೇ ಮಾರಿ. ಟೈಮಿಲ್ಲ ಅನ್ನೋದು ನನಗೂ ಗೊತ್ತು, ಬಾಡಗಿ ಮನ್ಯಾಗ ಎರಿ ಮಣ್ಣು ಎಲ್ಲಿಂದ ತರೂದು ಅನ್ನೂದೂ ಗೊತ್ತು. ಆದ್ರ ಕೊಟ್ಟಿಗ್ಯಾಗ ಎತ್ತು ಹೋಗಿ ಟ್ರಾಕ್ಟರ್ ಬಂದದ, ನಮ್ಮ ಮಕ್ಕಳು ಹಿಣಿಲು ಕೈಲೇ ಮುಟ್ಟಿ ತಿಳಿಯೋ ಜಾಗ ಉಳಿದಿದ್ದು ಅದೊಂದೇ ದಿನ.

ನನಗ ಒಂದು ಆಸೆ ಅದ. ಕಲಬುರಗಿಯಾಗ ದೃಶ್ಯಕಲಾ ಕಾಲೇಜುಗಳು ಅವ. ಬೀದರ್‌ನಾಗ ರಾಜ್ಯದ ಪಶುವೈದ್ಯಕೀಯ ವಿಶ್ವವಿದ್ಯಾಲಯನೇ ಅದ, ದನದ ಮೂಳಿ, ಸ್ನಾಯು ಒಂದೊಂದೂ ಬಿಡಿಸಿ ಪಾಠ ಹೇಳೋರು ಅಲ್ಲಿ ಅದಾರ. 2017ರಿಂದ ಎರಡು ಊರಿನ ನಡುವ ರೈಲೂ ಅದ. ಬಾರಿಗೆ ಪ್ಯಾರಿಸ್‌ನ ಆ ತೋಟದಾಗ ಸಿಕ್ಕಿದ್ದು ಇದಕ್ಕಿಂತ ಹೆಚ್ಚೇನಲ್ಲ. ಶಿಲ್ಪ ಕಲಿಯೋ ಹುಡುಗ್ರು ವರ್ಷಕ್ಕ ಕೆಲವು ದಿನ ಅಲ್ಲಿ ಹೋಗಿ ಕುಂದ್ರಲಿ, ಜಾತ್ರಿ ದನದ ಸಂತ್ಯಾಗ ತಿರುಗಾಡ್ಲಿ, ಮುತ್ಯಾನಂಥವರ ಬಾಜೂಕ ನಿಂತು ಅವರು ಎತ್ತು ಹೆಂಗ ನೋಡ್ತಾರ ಅಂತ ನೋಡ್ಲಿ. ಆಮ್ಯಾಲ ಬೀದರ್‌ನಾಗೋ ಕಲಬುರಗಿಯಾಗೋ ಒಂದು ಸರ್ಕಲ್‌ದಾಗ ದೇವಣಿ ಹೋರಿ ಒಂದು ಮಾಡಿ ನಿಲ್ಲಸ್ಲಿ, ಖಾಲಿ ಬೆನ್ನು, ಬಣ್ಣ ಬ್ಯಾಡ, ಸಿಮೆಂಟಿಗೆ ಭೀಮಾ ದಂಡಿ ಗರಸು ಸೇರಿಸಿ.

ಈ ಮಾತು ಮುತ್ಯಾಗ ಹೇಳ್ದಾಗ ಅಂವ ಮದ್ಲ ಕೇಳಿದ್ದು ಯಾವ ದೇವಣಿ ಅಂತ. ಅದರಾಗ ಮೂರು ಥರ ಅವ, ಪೂರ್ತಿ ಬಿಳಿದು ಬಾಲಂಕ್ಯಾ, ಮೈ ಬಿಳಿ ಮಾರಿ ಕಪ್ಪು ಇರೋದು ವಾನ್ನೇರಾ, ಬಿಳಿ ಮೈಮ್ಯಾಲ ಕರಿ ಮಚ್ಚಿ ಇರೋದು ಶೇವೆರಾ. ಬಣ್ಣ ಹಚ್ಚಂಗಿಲ್ಲ ಅಂದ್ರ ಮೂರೂ ಒಂದೇ ಕಾಣ್ತಾವಲ್ಲ ಅಂತ ನಾ ಅಂದೆ, ಅಂವ ಒಪ್ಪಲಿಲ್ಲ. ಮುಂದ ಉಬ್ಬಿದ ಹಣಿ, ಜೋತು ಬಿದ್ದ ಕಿವಿ ಮೂರಕ್ಕೂ ಬರ್ಬೇಕು, ಅದು ಬರ್ಲಿಲ್ಲಂದ್ರ ದೇವಣಿನೇ ಅಲ್ಲ, ಆದ್ರ ವಾನ್ನೇರಾ ಹೋರಿ ನಿಲ್ಲೋ ಠೀವಿನೇ ಬ್ಯಾರೆ, ಕುತ್ತಿಗಿ ಹಿಡಿಯೋ ರೀತಿನೇ ಬ್ಯಾರೆ, ಮಾಡೋ ಹುಡುಗನ್ನ ಕರಕೊಂಡು ಬಾ, ತೋರಸ್ತೀನಿ ಅಂದಾನ. ನನ್ನ ಓಟು ಶೇವೆರಾಕ್ಕ. ಇನ್ನೂ ವಾದ ಮುಗದಿಲ್ಲ.